ಇಳಿಯೋರಿದ್ದಾರೆ

ಜಿಪ್ಪಕ್ಕ ಎರಡು ಸಲ ಆಕಳಿಸಿದಳೆಂದರೆ ಕೋಣೆಯಲ್ಲಿದ್ದ ಉಳಿದ ಮೂವರ ನಿದ್ದೆ ಹಾರಿಹೋಗುತ್ತಿತ್ತು.

ಆಕಳಿಕೆ ಎಂಬುದು ಲೋಕದಲ್ಲಿ ಅಂಟುಜಾಡ್ಯ. ಒಬ್ಬರು ಬಾಯಿ ತೆರೆದರೆ ಎದುರಿಗಿದ್ದವರೂ ತೆರೆಯುತ್ತಾರೆ. ಆ ಡಯಾಲಿಸಿಸ್ ಕೋಣೆಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಜಿಪ್ಪಕ್ಕ ಒಂದು ಸಲ ಆಕಳಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೆನ್ನಿಗೇ ಇನ್ನೊಂದು ಬಂದರೆ ಅವಳ ಬಿಪಿ ಇಳಿಯತೊಡಗಿದೆ ಎಂದು ಅರ್ಥ. ಆಗಲೇ ನರ್ಸು ಬಂದು ಕಾಲು ಎತ್ತರಿಸಿಟ್ಟು, ಮೆಷಿನ್ನು ನೀರೆಳೆಯುವುದನ್ನು ತಡೆದರೆ ಸರಿ. ತಡವಾದರೆ ತುಟಿ ಬಿಳುಚಿ, ಕಣ್ಣು ಮೇಲೆ ಸಿಕ್ಕಿ, ಅವಳು ಅತ್ತ ಕಡೆ. ವಿಚಿತ್ರವೆಂದರೆ ಇದು ಊರಿಗೆಲ್ಲ ಗೊತ್ತಾಗುತ್ತಿತ್ತು, ಅವಳೊಬ್ಬಳಿಗೇ ಗೊತ್ತಾಗುತ್ತಿರಲಿಲ್ಲ. ತಾನು ಆಕಳಿಸಿದ್ದೂ ನೆನಪಿರುತ್ತಿರಲಿಲ್ಲ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಲೇ ಮೂರ್ಛೆ ಹೋಗುವ ಜಾಯಮಾನ ಅವಳದು. ಮೆಷಿನ್ನು ಅರ್ಧ ಗಂಟೆಗೊಮ್ಮೆ ತೋಳಿನ ಪಟ್ಟಿ ಬಿಗಿದು ಬಿಪಿ ನೋಡುತ್ತಿತ್ತು, ನಿಜ. ಆದರೆ ಅವಳ ಬಿಪಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಮನೆಯ ಮುಂದಿನ ಕಿಟಕಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಚೀಲ, ಜರ್ಕಿನ್, ಸ್ಕೂಲ್ ಬ್ಯಾಗುಗಳ ಕೆಟ್ಟ ಜಿಪ್ ತೆಗೆದು ಹೊಸದು ಹಾಕಿಕೊಡುತ್ತಿದ್ದಳು. ವಾರಕ್ಕೆ ಮೂರು ದಿನ ಕಿಟಕಿ ಮುಚ್ಚಿರುತ್ತಿತ್ತು. ಆ ದಿನಗಳಲ್ಲಿ ತಂಗಿ ಅವಳನ್ನು ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಟ್ಟು, ಅಲ್ಲಿಂದ ತಾನು ಕೆಲಸಕ್ಕಿದ್ದ ಚಪ್ಪಲಿ ಅಂಗಡಿಗೆ ಹೋಗುತ್ತಿದ್ದಳು. ನಾಲ್ಕು ಗಂಟೆ ಹೊತ್ತಿನ ಡಯಾಲಿಸಿಸ್ ಮುಗಿದಾಗ ಮತ್ತೆ ಬರುತ್ತಿದ್ದಳು. ಅಕ್ಕ ಒಬ್ಬಳೇ ಇರುತ್ತಾಳೆಂಬ ಚಿಂತೆ ಅವಳಿಗೂ ಇರಲಿಲ್ಲ, ಮನೆಯಲ್ಲಿದ್ದ ಜಿಪ್ಪಕ್ಕನ ಮಗಳಿಗೂ ಇರಲಿಲ್ಲ. ಒಬ್ಬಳೇ ಎಲ್ಲಿ? ಕೋಣೆಯಲ್ಲಿ ಮೂವರಿದ್ದರಲ್ಲ.

ಮೊದಲು ಅಲ್ಲಿ ಎರಡೇ ಮೆಷಿನ್ ಇದ್ದವು. ಒಂದರಲ್ಲಿ ಜಿಪ್ಪಕ್ಕ, ಇನ್ನೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಅಜ್ಜ. ಅಜ್ಜ ಮಾತಿನಲ್ಲಿ ಬಲು ಜಿಪುಣ. ಇವಳು ಎರಡನೆಯ ಸಲ ಬಾಯಿ ತೆರೆದರೆ ಉಂಗುರದಿಂದ ಮಂಚದ ಕಂಬಿಯನ್ನು ಟಕಟಕ ಬಡಿಯುತ್ತಿದ್ದ. ನರ್ಸು ಬರುತ್ತಿದ್ದಳು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಅವರಿಬ್ಬರು ಹಾಗೆ ಎಷ್ಟು ಕಾಲ ಕಳೆದರೂ ಒಂದೇ ಒಂದು ಹೊಸ ಮಾತು ಹುಟ್ಟಲಿಲ್ಲ.

ಮೂರನೆಯ ಮೆಷಿನ್ ಬಂದಾಗ ಅದರ ಜೊತೆ ಬಸ್ ಕಂಡಕ್ಟರು ಬಂದರು. ಅವರು ನಿವೃತ್ತರಾಗಿದ್ದರು, ಗಂಟಲು ಆಗಿರಲಿಲ್ಲ. ಒಂದು ದಿನ ನರ್ಸು ಜಿಪ್ಪಕ್ಕನ ತೋಳು ಹಿಡಿದು "ನೂರು... ತೊಂಬತ್ತು... ಇಳೀತಿದೆ, ಇಳೀತಿದೆ" ಎಂದಾಗ ಕಂಡಕ್ಟರು ಹಳೆಯ ಅಭ್ಯಾಸಬಲದಿಂದ, "ಇಳಿಯೋರಿದ್ದಾರೆ, ಹೋಲ್ಡಾನ್!" ಎಂದು ಕೂಗಿಬಿಟ್ಟರು. ಅಜ್ಜ ಜೀವಮಾನದಲ್ಲಿ ನಕ್ಕದ್ದು ಕಡಿಮೆ, ಅಂದು ನಕ್ಕ.

ಅದು ಅಲ್ಲಿಗೇ ಮುಗಿಯಬೇಕಾಗಿದ್ದ ತಮಾಷೆ. ಮುಗಿಯಲಿಲ್ಲ, ಏಕೆಂದರೆ ಸ್ವಲ್ಪ ದಿನಕ್ಕೆ ನಾಲ್ಕನೆಯವರಾಗಿ ಗಣಿತದ ಟೀಚರು ಬಂದರು. ಟೀಚರಿಗೆ ಅರ್ಥವಾಗದ್ದನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ.

"ಇಳಿಯೋರಿದ್ದಾರೆ ಅಂದ್ರೆ ಏನು? ಯಾರು ಇಳಿಯೋರು?"

ಕಂಡಕ್ಟರು ವಿವರಿಸಿದರು.

"ಹಾಗಾದ್ರೆ ಬಿಪಿ ಕಡಿಮೆ ಆಗ್ತಿದೆ ಅಂತ ನೆಟ್ಟಗೆ ಹೇಳಬಾರದಾ?"

"ಹೇಳಬಹುದು ಟೀಚರೇ. ಆದ್ರೆ ಅಷ್ಟುದ್ದ ಹೇಳಿ ಮುಗಿಸೋ ಹೊತ್ತಿಗೆ ಇವರು ಸ್ಟಾಪಲ್ಲಿ ಇಳಿದು ಮನೆಗೇ ಹೋಗಿರ್ತಾರೆ."

ಇಬ್ಬರ ನಡುವಿನ ತಮಾಷೆ ಎರಡು ದಿನಕ್ಕೆ ಹಳಸುತ್ತದೆ. ಹೊಸಬರಿಗೆ ಅದನ್ನು ಬಿಡಿಸಿ ಹೇಳಬೇಕಾದಾಗ ಮಾತ್ರ ಅದಕ್ಕೆ ಮರ್ಯಾದೆ ಬರುತ್ತದೆ. ಟೀಚರು ಕೇಳಿದ್ದರಿಂದ ಅದಕ್ಕೆ ಅರ್ಥ ನಿಂತಿತು, ಟೀಚರೇ ಮೊದಲ ಸಲ ಅದನ್ನು ಕೂಗಿದ ದಿನ ಅದು ಆ ಕೋಣೆಯ ಮಾತಾಯಿತು. ಆಮೇಲೆ ಒಂದರ ಹಿಂದೆ ಒಂದು. ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ತುಂಬಿಕೊಳ್ಳುವ ನೀರಿನ ತೂಕಕ್ಕೆ 'ನೆಂಟರು' ಎಂದು ಹೆಸರಾಯಿತು. "ಎಷ್ಟು ಜನ ನೆಂಟರು?" ಎಂದು ಕೇಳಿದರೆ, "ಇಬ್ಬರು, ಜೊತೆಗೊಂದು ಕೈಗೂಸು" ಎಂದು ಉತ್ತರ. ಎರಡೂವರೆ ಕಿಲೋ ಅಂತ. ಡಾಕ್ಟರು ಕೇಳಿದರೆ ನಾಚಿಕೆಯಿಂದ ಸುಳ್ಳು ಹೇಳುತ್ತಿದ್ದ ಟೀಚರು ಇಲ್ಲಿ, "ನಾಲ್ವರು ಬಂದ್ಬಿಟ್ರು ಕಣ್ರೀ, ಬೇಡ ಅಂದ್ರೂ ಕೇಳಲಿಲ್ಲ" ಎಂದು ನಿಜ ಒಪ್ಪಿಕೊಳ್ಳುತ್ತಿದ್ದರು. ಬಾಯಾರಿಕೆಯನ್ನು ತಡೆಯಲಾರದೆ ಎರಡು ಲೋಟ ನೀರು ಹೆಚ್ಚಿಗೆ ಕುಡಿದೆ ಎನ್ನುವುದಕ್ಕಿಂತ ಅದು ಸುಲಭ.

ಹೀಗೆ ಆ ನಾಲ್ವರ ಸಂಸಾರ ನಡೆಯುತ್ತಿದ್ದಾಗ ಆಸ್ಪತ್ರೆಯವರು ಹೊಸ ಹಾಲ್ ಕಟ್ಟಿಸಿದರು.

ಇಪ್ಪತ್ತೆಂಟು ಮಂಚ, ಇಪ್ಪತ್ತೆಂಟು ಮೆಷಿನ್, ಗೋಡೆಗೆ ಎರಡು ಟಿವಿ. ಯಾರೂ ದೂರುವ ಹಾಗಿರಲಿಲ್ಲ. ಹಳೆಯ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಸುಣ್ಣ ಉದುರುತ್ತಿತ್ತು. ಅಷ್ಟರಲ್ಲಿ ಅಜ್ಜ ಮಗಳ ಊರಿಗೆ ಹೋಗಿ ಅಲ್ಲಿನ ಆಸ್ಪತ್ರೆ ಸೇರಿಕೊಂಡಿದ್ದ. ಉಳಿದ ಮೂವರನ್ನು ಮೂರು ಸಾಲಿನಲ್ಲಿ ಹಾಕಿದರು. ಹಳೆಯ ಕೋಣೆಯ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನತೊಡಗಿದರು. ಅವಳಿಗೆ ಗಾಜಿನ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಜಿಪ್ಪಕ್ಕನ ಕೇಸ್ ಶೀಟಿನ ಮೇಲೆ 'ಎರಡು ಆಕಳಿಕೆ – ಎಚ್ಚರ' ಎಂದು ಅವಳು ಬರೆದೂ ಇಟ್ಟಳು. ಆದರೆ ಒಬ್ಬೊಬ್ಬ ಹೊಸ ಸಿಸ್ಟರಿಗೆ ಏಳೇಳು ಮಂಚ. ಏಳು ಬಾಯಿಗಳನ್ನು ನೋಡುತ್ತ ಕೂರಲು ಯಾರಿಂದಾಗುತ್ತದೆ?

ನಾಲ್ಕನೆಯ ಸರದಿಯಲ್ಲೋ ಐದನೆಯದರಲ್ಲೋ ಅದು ಆಗಿಯೇ ಹೋಯಿತು. ಜಿಪ್ಪಕ್ಕ ಆಕಳಿಸಿದಳು. ಮತ್ತೊಮ್ಮೆ ಆಕಳಿಸಿದಳು. ಪಕ್ಕದ ಮಂಚದವರು ಟಿವಿ ನೋಡುತ್ತಿದ್ದರು. ಆರು ಮಂಚ ಆಚೆಯಿಂದ ಕಂಡಕ್ಟರು ನೋಡಿದರು.

"ಇಳಿಯೋರಿದ್ದಾರೆ! ಸಿಸ್ಟರ್, ಇಳಿಯೋರಿದ್ದಾರೆ!"

ಹೊಸ ಸಿಸ್ಟರ್ ಓಡಿ ಬಂದಳು, ಕಂಡಕ್ಟರ ಬಳಿಗೆ. "ಏನಣ್ಣಾ, ಇನ್ನೂ ಎರಡು ಗಂಟೆ ಇದೆ. ಈಗಲೇ ಇಳಿಯೋಕೆ ಆಗಲ್ಲ."

"ನಾನಲ್ಲಮ್ಮಾ! ಅಲ್ಲಿ! ಜಿಪ್ಪು! ಆಕಳಿಕೆ!"

"ಆಕಳಿಕೆ ಬಂದ್ರೆ ಮಲಗಿ. ಲೈಟ್ ಆಫ್ ಮಾಡ್ಲಾ?"

ಕಂಡಕ್ಟರಿಗೆ ಆ ಗಳಿಗೆಯಲ್ಲಿ ಬಿಪಿ ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲ. ಎಷ್ಟೋ ಕಾಲದಿಂದ ಬಳಸದೆ ಅದು ಎಲ್ಲೋ ಮೂಲೆ ಸೇರಿತ್ತು. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸುವಂತಿಲ್ಲ. ಇನ್ನೊಂದು ಕೈಯಿಂದ ತೋರಿಸಿದರು. ಸಿಸ್ಟರ್ ಆ ಕೈ ಹಿಡಿದು ನಾಡಿ ನೋಡಿದಳು.

ಜಿಪ್ಪಕ್ಕ ಕಣ್ಣು ಬಿಟ್ಟಾಗ ಕಾಲು ತಲೆಗಿಂತ ಮೇಲಿತ್ತು. ಸುತ್ತ ನಾಲ್ಕಾರು ಮುಖ. ಅವುಗಳಲ್ಲಿ ತಂಗಿಯದೂ ಒಂದು. ಅವಳನ್ನು ಫೋನ್ ಮಾಡಿ ಅಂಗಡಿಯಿಂದ ಕರೆಸಿದ್ದರು.

"ಇನ್ನು ಮೇಲೆ ನಾಲ್ಕು ಗಂಟೆಯೂ ಜೊತೆಗೊಬ್ಬರು ಕೂತಿರಲೇಬೇಕು" ಎಂದಳು ದೊಡ್ಡ ಸಿಸ್ಟರ್. "ಡಾಕ್ಟರು ಹೇಳಿದಾರೆ. ನಾನು ಹೇಳ್ತಿರೋದಲ್ಲ."

ಜೊತೆಗೆ ಕೂರಲು ಇದ್ದದ್ದು ತಂಗಿಯೊಬ್ಬಳೇ. ವಾರಕ್ಕೆ ಮೂರು ದಿನ ಅರ್ಧರ್ಧ ದಿನ ಬಿಟ್ಟುಕೊಡುವ ಚಪ್ಪಲಿ ಅಂಗಡಿ ಎಲ್ಲಿದೆ? ಅದರಲ್ಲೂ ಮಾಲೀಕ ಅವಳನ್ನು ಗಂಡಸರ ಶೂ ವಿಭಾಗಕ್ಕೆ ಮೇಲ್ವಿಚಾರಕಿ ಮಾಡುತ್ತೇನೆಂದು ಆಗಷ್ಟೇ ಹೇಳಿದ್ದ. ಆ ಮಾತು ಹೇಳಿಕೊಂಡು ಅವಳು ಮನೆಯಲ್ಲಿ ಒಂದು ವಾರ ಕುಣಿದಾಡಿದ್ದಳು.

ಅಂದು ಸಂಜೆ ಅವಳು ಈರುಳ್ಳಿ ಹೆಚ್ಚುತ್ತ, ಏನೂ ಆಗದವಳಂತೆ ಹೇಳಿದಳು: "ಬಿಟ್ಟುಬಿಡ್ತೀನಿ ಬಿಡಕ್ಕಾ. ಜನರ ಕಾಲು ಹಿಡಿಯೋ ಕೆಲಸ ತಾನೇ."

"ಇನ್ನು ನನ್ನ ಕಾಲು ಎತ್ತಿ ಹಿಡ್ಕೊಂಡು ಕೂರ್ತೀಯಾ?"

"ನಿನ್ನ ನಂಬರ್ ಆದ್ರೆ ಗೊತ್ತಿದೆ. ಅಳತೆ ತೆಗೆಯೋ ಕೆಲಸ ಉಳೀತು."

ಇಬ್ಬರೂ ನಕ್ಕರು. ಕಣ್ಣೀರನ್ನು ಈರುಳ್ಳಿಯ ಲೆಕ್ಕಕ್ಕೆ ಹಾಕಿದರು. ಪಾಠ ಓದುತ್ತಿದ್ದ ಜಿಪ್ಪಕ್ಕನ ಮಗಳು ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಮರುದಿನ ಜಿಪ್ಪಕ್ಕ ದೊಡ್ಡ ಸಿಸ್ಟರಿಗೆ ಫೋನ್ ಮಾಡಿದಳು. "ಈ ತಿಂಗಳು ತಂಗಿ ರಜೆ ಹಾಕಿ ಬರ್ತಾಳೆ. ಅಷ್ಟರಲ್ಲಿ ನನ್ನ ಆಕಳಿಕೆ ನೋಡಿಕೊಳ್ಳೋರನ್ನ ನಾನೇ ಹುಡುಕ್ಕೋತೀನಿ. ಸಿಕ್ಕಿದ್ರೆ ಅವಳನ್ನ ಬಿಟ್ಟುಬಿಡಿ."

"ಮದುವೆಗೆ ಗಂಡು ಹುಡುಕೋ ಥರ ಹೇಳ್ತೀಯಲ್ಲಮ್ಮ" ಎಂದಳು ದೊಡ್ಡ ಸಿಸ್ಟರ್. ಆದರೆ ಒಪ್ಪಿದಳು.

ಮೊದಲು ಕಂಡಕ್ಟರು ಟೊಂಕ ಕಟ್ಟಿದರು. ತಪ್ಪು ತಮ್ಮದೆಂದೇ ಅವರ ಭಾವನೆ. "ಇಡೀ ಹಾಲಿಗೇ ಕಲಿಸಿಬಿಡ್ತೀನಿ. ಎಂಬತ್ತು ಜನರ ಬಸ್ಸು ನಿಭಾಯಿಸಿದೋನು ನಾನು, ಇಪ್ಪತ್ತೆಂಟು ಜನ ಯಾವ ಲೆಕ್ಕ?" ಎಂದು, ಸೂಜಿ ಹಾಕಿಸಿಕೊಳ್ಳುವ ಮುಂಚೆ ಮಂಚದಿಂದ ಮಂಚಕ್ಕೆ ಹೋಗಿ ಪಾಠ ಮಾಡಿದರು. ಜನಕ್ಕೆ ಖುಷಿಯಾಯಿತು. ಯಾರಿಗೆ ಬೇಡ ತಮಾಷೆ? ಒಂದೇ ವಾರದಲ್ಲಿ ಹಾಲಿನ ಬಾಯಲ್ಲೆಲ್ಲ ಅದೇ ಮಾತು.

ಆದರೆ ಬಾಯಿಂದ ಬಾಯಿಗೆ ಹೋಗುತ್ತ ಮಾತಿನ ಜಿಪ್ ಬಿಚ್ಚಿಕೊಂಡಿತು. ಡಯಾಲಿಸಿಸ್ ಮುಗಿದವರು "ಸಿಸ್ಟರ್, ಇಳಿಯೋರಿದ್ದಾರೆ, ಸೂಜಿ ತೆಗೀರಿ" ಎನ್ನತೊಡಗಿದರು. ಕಿಟಕಿ ಪಕ್ಕದ ದಪ್ಪ ಮೀಸೆಯವರು ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಹಾಗೆ ಕೂಗಿದರು. ಯಾರದೋ ಮನೆಯಿಂದ ನೋಡಲು ಬಂದವರು ಎದ್ದು ನಿಂತರೂ ಅದೇ. 'ನೆಂಟರು' ಎಂದರೆ ಮತ್ತೆ ಬರೀ ನೆಂಟರೇ ಆದರು. ಹೀಗಿರುವಾಗ ಒಂದು ದಿನ ಜಿಪ್ಪಕ್ಕನಿಗೆ ಎರಡನೆಯ ಆಕಳಿಕೆ ಬಂತು. ಕಂಡಕ್ಟರು ಗಂಟಲು ಕಿತ್ತುಹೋಗುವಂತೆ ಕೂಗಿದರು. ಆಚೆ ಸಾಲಿನಿಂದ ಮೂರು ಜನ ಒಟ್ಟಿಗೆ "ರೈಟ್ ರೈಟ್!" ಎಂದರು. ಹೊಸ ಸಿಸ್ಟರ್ ಬೇರೊಬ್ಬರ ಸೂಜಿಗೆ ಪ್ಲಾಸ್ಟರ್ ಅಂಟಿಸುತ್ತಲೇ ನಕ್ಕಳು. ಪಕ್ಕದಲ್ಲಿ ಕೂತಿದ್ದ ತಂಗಿ ಎದ್ದು ಹೋಗಿ ಅವಳ ಭುಜ ಹಿಡಿದು ಎಳೆದುಕೊಂಡು ಬಂದಳು.

ಗುಂಪಿನಲ್ಲಿ ಗೋವಿಂದ ಎನ್ನುತ್ತಾರಲ್ಲ, ಹಾಗೆ. ದೊಡ್ಡ ಸಿಸ್ಟರ್ ಗಾಜಿನ ಕೋಣೆಯಿಂದ ಹೊರಬಂದು ಹಾಲಿನಲ್ಲಿ ಇನ್ನು ಯಾರೂ ಕೂಗಕೂಡದು ಎಂದು ಕಟ್ಟುನಿಟ್ಟು ಮಾಡಿದಳು.

ಕಂಡಕ್ಟರು ಆ ದಿನ ಟಿವಿಯ ಕಡೆ ಮುಖ ಮಾಡಿ ಮಲಗಿದರು.

ಆಮೇಲೆ ಟೀಚರು ಮುಂದೆ ಬಂದರು. ಹಾಲಿನ ಪಕ್ಕಕ್ಕೆ ಎರಡು ಮಂಚದ ಸಣ್ಣ ಕೋಣೆಯೊಂದಿತ್ತು. "ನಾವಿಬ್ಬರೂ ಅಲ್ಲಿಗೆ ಹೋಗೋಣ. ನಾನಿದ್ದೀನಲ್ಲ, ನೋಡ್ಕೋತೀನಿ" ಎಂದರು. ಜಿಪ್ಪಕ್ಕನಿಗೆ ಹಳೆಯ ಕೋಣೆಯೇ ಸಿಕ್ಕಷ್ಟು ಸಂತೋಷವಾಯಿತು. ಮೊದಲ ದಿನ ಇಬ್ಬರೂ ಹಳೆಯದನ್ನೆಲ್ಲ ನೆನೆದು ನೆನೆದು ನಕ್ಕರು.

ಎರಡನೆಯ ದಿನ ಟೀಚರು ಕೇಳಿದರು: "ಎಷ್ಟು ಜನ ನೆಂಟರು?"

"ಇಬ್ಬರು. ನಿಮಗೆ?"

"ನನಗೂ ಇಬ್ಬರೇ."

ಅಷ್ಟೇ. ಮುಂದಕ್ಕೆ ಎಳೆಯಲು ಅಲ್ಲಿ ಕಂಡಕ್ಟರಿರಲಿಲ್ಲ, ಕೇಳಿ ಮುಗುಳ್ನಗಲು ಅಜ್ಜನಿರಲಿಲ್ಲ. ಟೀಚರ ಮನೆಯ ವಿಷಯ ಇವಳಿಗೆ ಗೊತ್ತು, ಇವಳ ಮನೆಯದು ಅವರಿಗೆ ಗೊತ್ತು. ಮೂರನೆಯ ದಿನಕ್ಕೆ ಮಾತು ಬತ್ತಿತು. ಉಳಿದದ್ದು ಕಾವಲು. ಟೀಚರು ನಾಲ್ಕು ಗಂಟೆ ಹೊತ್ತು ಪರೀಕ್ಷಾ ಕೋಣೆಯ ಮೇಲ್ವಿಚಾರಕರ ಹಾಗೆ ಇವಳ ಬಾಯಿಯನ್ನೇ ನೋಡುತ್ತ ಮಲಗುತ್ತಿದ್ದರು. ಇವಳಿಗೆ ಕೆಮ್ಮಲೂ ಸಂಕೋಚ. ಟೀಚರಿಗೆ ಕಣ್ಣು ಮುಚ್ಚಲೂ ಭಯ. ಹಿಂದೆ ಮೂವರು ಹಂಚಿಕೊಂಡಿದ್ದ ಭಾರ ಒಬ್ಬರ ತಲೆಯ ಮೇಲೆ ಬಿದ್ದಿತ್ತು. ತಂಗಿಯ ರಜೆಯ ಮೂರನೆಯ ವಾರದಲ್ಲಿ ಒಂದು ದಿನ ಟೀಚರಿಗೇ ತಲೆಸುತ್ತು ಬಂದು ಕಣ್ಣು ಮುಚ್ಚಿದರು. ಇತ್ತ ಇವಳೂ ಬಾಯಿ ತೆರೆದಳು. ಬಾಗಿಲಲ್ಲಿ ತಂಗಿ ಇದ್ದದ್ದು ಇಬ್ಬರ ಪುಣ್ಯ.

ಚೇತರಿಸಿಕೊಂಡ ಟೀಚರು ಚಾವಣಿ ನೋಡುತ್ತ ಹೇಳಿದರು: "ನನ್ನಿಂದಾಗಲ್ಲ ಜಿಪ್ಪಕ್ಕಾ. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಬೇಜಾರೆಂಥದು? ನನ್ನ ಬಾಯಿ ನೋಡಿ ನೋಡಿ ನಿಮಗೆ ನನ್ನ ಹಲ್ಲೆಲ್ಲ ಪರಿಚಯ ಆಗಿರಬೇಕು."

"ಹಿಂದಿನದೊಂದು ಹುಳುಕಾಗಿದೆ. ತೋರಿಸಿ" ಎಂದರು ಟೀಚರು.

ರಜೆ ಮುಗಿಯಲು ಒಂದೇ ವಾರ ಉಳಿದಿತ್ತು. ಮಾಲೀಕ ಎರಡು ಸಲ ಫೋನ್ ಮಾಡಿದ್ದ. ಮೂರನೆಯ ಸಲ ಮಾಡಲಿಲ್ಲ. ಅದು ಮಾಡಿದ್ದಕ್ಕಿಂತ ಕೆಟ್ಟದು.

ಆಗ ದೊಡ್ಡ ಸಿಸ್ಟರ್ ಕರೆದು ಹೇಳಿದಳು: "ಹಾಲಿನ ಕೊನೆಯ ಮೂಲೇಲಿ ಒಂದು ಮಂಚ ಖಾಲಿಯಾಗಿದೆ. ಅಲ್ಲಿದ್ದವರಿಗೆ ಅಣ್ಣ ಕಿಡ್ನಿ ಕೊಟ್ರು, ಇನ್ನು ಇಲ್ಲಿಗೆ ಬರಬೇಕಾಗಿಲ್ಲ. ಹೋಗ್ತೀಯಾ? ಯಾರೂ ಕೇಳಲ್ಲ ಆ ಜಾಗ. ಅಡ್ಡಕ್ಕೆ ದಪ್ಪ ಕಂಬ ಇದೆ, ಟಿವಿ ಕಾಣಲ್ಲ."

ಕಂಬದ ಹಿಂದೆ ನಾಲ್ಕು ಮಂಚ. ಮೂರರಲ್ಲಿ ಒಬ್ಬ ಕ್ಷೌರಿಕ, ಒಬ್ಬ ಬೇಕರಿಯಮ್ಮ, ಮತ್ತೆ ವಕೀಲರ ಕಚೇರಿಯ ಗುಮಾಸ್ತರು. ಜಿಪ್ಪಕ್ಕ ಹೋಗಿ ಮಲಗಿದ್ದೇ ತಡ, ಬೇಕರಿಯಮ್ಮ ಗುಮಾಸ್ತರನ್ನು ಕೇಳಿದಳು: "ಇವತ್ತು ಹಿಟ್ಟು ಎಷ್ಟು ಉಬ್ಬಿದೆ?"

"ಎರಡು ಬನ್ನಿನಷ್ಟು."

"ಸುಳ್ಳು ಹೇಳಬೇಡಿ, ಮುಖ ನೋಡಿದ್ರೆ ಇಡೀ ಬ್ರೆಡ್ಡಿನ ಹಾಗಿದೆ."

ಜಿಪ್ಪಕ್ಕ ಕಿವಿ ನಿಮಿರಿಸಿದಳು. ಸ್ವಲ್ಪ ಹೊತ್ತು ಕೇಳಿ, "ನಾವು ಅದಕ್ಕೆ ನೆಂಟರು ಅಂತೀವಿ" ಎಂದಳು. ಮೂವರೂ ಅವಳತ್ತ ತಿರುಗಿ ಸೌಜನ್ಯಕ್ಕೆ ನಕ್ಕರು. "ಚೆನ್ನಾಗಿದೆ" ಎಂದ ಕ್ಷೌರಿಕ. ಮತ್ತೆ ಅವರು ಹಿಟ್ಟಿಗೇ ಮರಳಿದರು.

ನಾಚಿಕೆ ಬಿಟ್ಟು ಅವಳು ತನ್ನ ಕಷ್ಟ ಹೇಳಿಕೊಂಡಳು: ಎರಡು ಆಕಳಿಕೆ, ತಂಗಿ, ಅಂಗಡಿ. ಅಂಥ ಹೊತ್ತಿನಲ್ಲಿ 'ಇಳಿಯೋರಿದ್ದಾರೆ' ಎನ್ನಬೇಕೆಂದೂ, ಅದು ಹೇಗೆ ಬಂತೆಂದೂ ವಿವರಿಸಿದಳು. ಗುಮಾಸ್ತರು ಕೋರ್ಟಿನಲ್ಲಿ ಕೇಳುವ ಹಾಗೆ ಗಂಭೀರವಾಗಿ ಕೇಳಿಸಿಕೊಂಡು, "ಬೆನ್ನುಬೆನ್ನಿಗೆ ಎರಡಾ, ಮಧ್ಯೆ ಬಿಡುವಿದ್ರೂ ಆಗುತ್ತಾ?" ಎಂದು ಪ್ರಶ್ನೆ ಹಾಕಿದರು.

ಆ ಮೂಲೆಯಲ್ಲಿ ಅವಳ ಎರಡನೆಯ ಸರದಿ. ತಂಗಿ ಕಂಬಕ್ಕೊರಗಿ ಸ್ಟೂಲಿನ ಮೇಲೆ ಕೂತಿದ್ದಳು. ಜಿಪ್ಪಕ್ಕ ಮನಸ್ಸಿನಲ್ಲೇ ಯಾರದೋ ಪ್ರಯಾಣದ ಚೀಲಕ್ಕೆ ಯಾವ ಜಿಪ್ ಹೊಂದೀತೆಂದು ಯೋಚಿಸುತ್ತಿದ್ದಳು. ಗುಂಡುಕಲ್ಲಿನ ಹಾಗೆಯೇ ಇದ್ದಳು. ಆಗ ಕ್ಷೌರಿಕ ಗಲಾಟೆಯಿಲ್ಲದೆ ಹೇಳಿದ: "ಶಟರ್ ಎಳೀತಿದಾರೆ."

"ಶಟರ್, ಶಟರ್!" ಎಂದಳು ಬೇಕರಿಯಮ್ಮ. ಗುಮಾಸ್ತರ ಬೆರಳು ಆಗಲೇ ಕರೆಗಂಟೆಯ ಮೇಲಿತ್ತು.

ಯಾವ ಶಟರ್ ಎಂದು ಜಿಪ್ಪಕ್ಕ ಕಿಟಕಿಯ ಕಡೆ ನೋಡಿದಳು. ಅಷ್ಟರಲ್ಲಿ ಸಿಸ್ಟರ್ ಬಂದು ಕಾಲು ಎತ್ತರಿಸಿಟ್ಟಿದ್ದಳು. ತಂಗಿ ಸ್ಟೂಲಿನಿಂದ ಅರ್ಧ ಎದ್ದವಳು ಹಾಗೇ ನಿಂತಳು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಮೈ ಹಿಡಿತಕ್ಕೆ ಬಂದ ಮೇಲೆ ಜಿಪ್ಪಕ್ಕ ಕೇಳಿದಳು: "ನಾನು ಹೇಳಿಕೊಟ್ಟಿದ್ದು ಅದಲ್ಲವಲ್ಲ?"

"ಬಸ್ಸಿನ ಮಾತು ನಮ್ಮ ನಾಲಗೇಲಿ ನಿಲ್ಲಲಿಲ್ಲ ಅಕ್ಕಾ" ಎಂದ ಕ್ಷೌರಿಕ. "ಮೊನ್ನೆ ನೀವು ಹೋದ ಮೇಲೆ ಮಾತಾಡ್ಕೊಂಡ್ವಿ. ನೀವು ಆಕಳಿಸೋದು ನೋಡಿದ್ರೆ ನಮ್ಮ ಬೀದಿ ಅಂಗಡಿ ಮುಚ್ಚೋ ಹೊತ್ತು ನೆನಪಾಗುತ್ತೆ. ಗರ್ರ್ ಅಂತ ಮೇಲೆ, ಗರ್ರ್ ಅಂತ ಕೆಳಗೆ."

"ನನ್ನ ಬಾಯಿ ಅಷ್ಟು ದೊಡ್ಡದಾ?"

"ಹಾರ್ಡ್‌ವೇರ್ ಅಂಗಡೀದಲ್ಲ" ಎಂದಳು ಬೇಕರಿಯಮ್ಮ ಸಮಾಧಾನಕ್ಕೆ. "ಪೆಟ್ಟಿಗೆ ಅಂಗಡೀದು."

ಜಿಪ್ಪಕ್ಕನಿಗೆ ಸ್ವಲ್ಪ ಮುನಿಸು ಬಂತು. ತಾನಿಲ್ಲದಾಗ ತನ್ನ ಬಾಯಿಯ ಬಗ್ಗೆ ಸಭೆ ಸೇರಿದ್ದರಲ್ಲ! ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತು ಅದನ್ನೇ ಮತ್ತೆ ಮತ್ತೆ ಹೇಳಿದಳು. ತಂಗಿ ಕಣ್ಣು ರಸ್ತೆಯ ಮೇಲಿಟ್ಟು ಗಾಡಿ ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ, "ಗರ್ರ್" ಎಂದಳು.

ಮುಂದಿನ ಸರದಿಯಲ್ಲಿ ದೊಡ್ಡ ಸಿಸ್ಟರ್ ತಾನೇ ಬಂದು ಕಂಬದ ಈಚೆ, ಮೂಲೆಯವರಿಗೆ ಕಾಣದಂತೆ ನಿಂತಳು. ಗುಮಾಸ್ತರು ಕರೆಗಂಟೆ ಒತ್ತಿದ್ದು ಎರಡನೆಯ ಆಕಳಿಕೆ ಮುಗಿಯುವ ಮುಂಚೆಯೇ. ಅವಳು ತಂಗಿಯ ಕಡೆ ತಿರುಗಿ, "ನಾಳಿದ್ದು ನೀನು ಬಿಟ್ಟು ಹೋಗಬಹುದು. ಕರ್ಕೊಂಡು ಹೋಗೋಕೆ ಬಾ, ಸಾಕು" ಎಂದಳು.

ಅಂಗಡಿಯಲ್ಲಿ ಮೇಲ್ವಿಚಾರಕಿಯ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು. ತಂಗಿಗೆ ಅವಳ ಕೈಕೆಳಗೆ ಹಳೆಯ ಕೆಲಸವೇ ಉಳಿದಿತ್ತು. "ಕೆಲಸ ಹೋಗಲಿಲ್ಲವಲ್ಲ" ಎಂದಳು, ಈ ಸಲ ಈರುಳ್ಳಿ ಹೆಚ್ಚದೆಯೇ.

ಕೆಲವು ದಿನಗಳ ಮೇಲೆ ಜಿಪ್ಪಕ್ಕ ತೂಕ ನೋಡಿಕೊಳ್ಳಲು ನಿಂತಿದ್ದಾಗ ಕಂಡಕ್ಟರು ಸಿಕ್ಕರು. ಅವರಿನ್ನೂ ನಡುವಿನ ಸಾಲಿನಲ್ಲೇ ಇದ್ದರು. ಅಲ್ಲಿಗೆ ಈಗ ಇನ್ನೂ ದೊಡ್ಡ ಟಿವಿ ಬಂದಿತ್ತು.

"ಹೇಗಿದೀರಾ ತಾಯಿ? ಮೂಲೆ ಸೇರಿದ್ರಲ್ಲ."

"ಚೆನ್ನಾಗಿದೀನಿ ಕಂಡಕ್ಟರೇ. ಮೊನ್ನೆ ಶಟರ್ ಎಳೆದರು, ಆದ್ರೆ ಪೆಟ್ಟಿಗೆ ಅಂಗಡೀದಲ್ವಾ, ಅರ್ಧಕ್ಕೇ ಸಿಕ್ಕಾಕ್ಕೊಂಡ್ತು!" ಎಂದು ಜಿಪ್ಪಕ್ಕ ನಕ್ಕಳು.

ಕಂಡಕ್ಟರೂ ನಕ್ಕರು, ಆದರೆ ಒಂದು ಗಳಿಗೆ ತಡವಾಗಿ. ಬೇರೆಯವರ ಮನೆಯ ತಮಾಷೆ ಕೇಳಿದವರು ನಗುವ ಹಾಗೆ. ಅದು ಅವಳಿಗೆ ಗೊತ್ತಾಯಿತು. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದಳು.

"ಅಕ್ಕಾ, ಬೇಗ ಬನ್ನಿ!" ಕಂಬದ ಹಿಂದಿನಿಂದ ಬೇಕರಿಯಮ್ಮ ಕರೆದಳು. "ಗುಮಾಸ್ತರು ಇವತ್ತು ಮತ್ತೆ ಬನ್ ಅಂತ ಹೇಳಿ ಕೇಕ್ ತಂದಿದಾರೆ!"

ಕಂಡಕ್ಟರು ಸರಿದು ದಾರಿ ಬಿಟ್ಟರು. ಜಿಪ್ಪಕ್ಕ ತಕ್ಕಡಿಯ ಅಂಕಿಯನ್ನು ಒಮ್ಮೆ ನೋಡಿಕೊಂಡು, ಚಪ್ಪಲಿ ಮೆಟ್ಟಿ, ಆ ಕಡೆ ನಡೆದಳು.